ದೇವರ ಬಲ

ಕಾರವಾರ
18 ನವೆಂಬರ್ 2006

ಅಕ್ಕಾ,

ಹೇಗಿದ್ದೀಯಾ ಎಂದು ಕೇಳುವುದಿಲ್ಲ. ಹೇಗೇ ಇದ್ದರೂ ಚೆನ್ನಾಗಿದ್ದೇನೆ ಎಂದೇ ಬರೆಯುವವಳು ನೀನು. ಅಂಗಡಿಗೆ ಫೋನು ಮಾಡಿದರೆ ನಿನ್ನ ಯಜಮಾನತಿ ಪಕ್ಕದಲ್ಲೇ ನಿಂತಿರುತ್ತಾಳೆ, ಅದಕ್ಕೇ ಈ ಕಾಗದ.

ಮುಂದಿನ ಭಾನುವಾರಕ್ಕೆ ನಮ್ಮ ಭರತಣ್ಣನ ಟೆಂಪೊ ಒಂದು ಮನೆಯವರು ಗೊತ್ತು ಮಾಡಿದ್ದಾರೆ. ಬೆಳಿಗ್ಗೆ ಸದಾಶಿವಗಡ ನೋಡಿಕೊಂಡು, ಕದ್ರಾ ದಾಟಿ, ಅಣಶಿ ಘಟ್ಟ ಹತ್ತಿ, ಕಾಡಿನಲ್ಲಿ ಊಟ ಮಾಡಿ, ಕತ್ತಲೆಗೆ ಮೊದಲು ಕಾರವಾರಕ್ಕೆ ವಾಪಸ್. ಗೊತ್ತು ಮಾಡಿದವರು ಯಾರು ಗೊತ್ತೇ? ಅಂಕೋಲೆ ಹತ್ತಿರದ ಶೆಟಗೇರಿಯ ಸುಗಂಧಾಬಾಯಿ. ಅವಳ ಮಗ ರಾಜೀವನಿಗೆ ಹಬ್ಬುವಾಡದ ಹುಡುಗಿ ನಿಶ್ಚಯವಾಗಿದೆ. ಎರಡೂ ಮನೆಯವರು ಸೇರಿ ಒಂದು ದಿನ ಸುತ್ತಿಕೊಂಡು ಬರುವುದಂತೆ. ಡ್ರೈವರ್ ನಾನು.

ಅವರು ನಿನ್ನನ್ನು ನೋಡಲು ಬಂದಾಗ ನಾನು ರತ್ನಾಗಿರಿಯಲ್ಲಿ ಬೋಟಿನ ಮೇಲಿದ್ದೆ. ನನ್ನ ಮುಖ ಅವರಿಗೆ ಗೊತ್ತಿಲ್ಲ. ನಾನು ಮಾತ್ರ ಒಂದು ವರ್ಷದಿಂದ ಅವರನ್ನೇ ನೋಡುತ್ತಿದ್ದೇನೆ, ಕಣ್ಣು ಮುಚ್ಚಿದರೂ. ಬಂದರು, ನಿನ್ನನ್ನು ಮೆಚ್ಚಿದರು, ಆಯಿಯ ಕೈಯ ಪಾಯಸ ಎರಡೆರಡು ಸಲ ಹಾಕಿಸಿಕೊಂಡರು. ಆಮೇಲೆ ಊರ ದೇವಿಯ ಹತ್ತಿರ ಪ್ರಸಾದ ಕೇಳಿದೆವು, ಎಡದ ಹೂವು ಬಿತ್ತು ಎಂದು ಹೇಳಿ ಕಳಿಸಿದರು. ನೀರಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೆ ಅಂಟಿಸಿದ ಎರಡು ಹೂವು! ಬಲದ್ದು ಮೊದಲು ಬಿದ್ದಿದ್ದರೆ ನೀನು ಆ ಮನೆಯ ಸೊಸೆ. ಎಡದ್ದು ಬಿತ್ತಂತೆ, ಈಗ ನೀನು ನಮ್ಮ ಕೇರಿಯ ಬಾಯಲ್ಲಿ ‘ದೇವಿಯೇ ಬೇಡ ಅಂದ ಹುಡುಗಿ’.

ಅವರು ಸುಳ್ಳು ಹೇಳಿದ್ದಾರೆ. ಬೇರೆ ಸಂಬಂಧ ಕಂಡಿತ್ತು, ದೇವಿಯ ಹೆಸರು ಹೇಳಿ ಜಾರಿಕೊಂಡರು. ನೆರೆಮನೆಯ ಗಂಗೂಬಾಯಿ ಆಯಿಯನ್ನು ಅರಿಸಿನ ಕುಂಕುಮಕ್ಕೆ ಕರೆಯುವುದು ಬಿಟ್ಟಿದ್ದಾಳೆ. ಚೆಂಡಿಯಾದ ಮನೆ ನೌಕಾನೆಲೆಗೆ ಹೋದಾಗಲೂ ಆಯಿ ಇಷ್ಟು ಕುಗ್ಗಿರಲಿಲ್ಲ. ಆಗ ಇಡೀ ಊರೇ ಎದ್ದಿತ್ತು. ಈಗ ಅವಳೊಬ್ಬಳೇ.

ಅದಕ್ಕೆ ನಾನು ಮಾಡುವುದು ಇಷ್ಟು. ಊಟಕ್ಕೆಂದು ಅವರೆಲ್ಲರನ್ನು ಘಟ್ಟದ ಮೇಲಿನ ಕಾಡಿನಲ್ಲಿ ಇಳಿಸಿ, ಖಾಲಿ ಟೆಂಪೊ ತೆಗೆದುಕೊಂಡು ಕೆಳಗೆ ಬರುತ್ತೇನೆ. ಅಲ್ಲಿ ಮೊಬೈಲು ಹಿಡಿಯುವುದಿಲ್ಲ. ಕತ್ತಲಾಗಲಿ, ಕಾಡು ಕೂಗಲಿ, ಸುಗಂಧಾಬಾಯಿ ತನ್ನ ದೇವಿಯನ್ನು ಕರೆಯಲಿ. ಪೊಲೀಸರು ಕೇಳಿದರೆ ಬೇಕೆಂದೇ ಬಿಟ್ಟು ಬಂದೆ ಎನ್ನುತ್ತೇನೆ. ನನಗೆ ಬೇರೆ ರೀತಿ ಬರುವುದಿಲ್ಲ. ಒಂಬತ್ತನೆಯಲ್ಲಿ ಶಾಲೆ ಬಿಟ್ಟದ್ದೂ ಹಾಗೆಯೇ ಅಲ್ಲವೆ? ಇನ್‌ಸ್ಪೆಕ್ಟರು ಬಂದು ಗಣಿತ ಯಾರು ಕಲಿಸುತ್ತಾರೆ ಎಂದು ಕೇಳಿದರು, ಯಾರೂ ಇಲ್ಲ ಸರ್ ಎಂದೆ. ಮಾಸ್ತರರ ಕ್ಷಮೆ ಕೇಳು ಎಂದರು. ಚೀಲ ಎತ್ತಿಕೊಂಡು ಮನೆಗೆ ಬಂದೆ.

ಕೆಲಸ ಹೋಗುತ್ತದೆ, ಗೊತ್ತು. ಹೋಗಲಿ.

ನಿತೇಶ

*

ಮಡಗಾಂವ
22 ನವೆಂಬರ್ 2006

ನಿತೂ,

ನಿನ್ನ ಕಾಗದ ಓದಿ ನಗು ಬಂತು. ಘಟ್ಟದ ಮೇಲೆ ಬಿಟ್ಟು ಬರುತ್ತಾನಂತೆ! ಮುದುಕರೂ ಮಕ್ಕಳೂ ಇರುವುದಿಲ್ಲವೆ ಆ ಟೆಂಪೊದಲ್ಲಿ? ಭರತಣ್ಣ ನಿನ್ನನ್ನು ನಂಬಿ ಗಾಡಿ ಕೊಟ್ಟಿದ್ದಾನೆ, ಅದನ್ನಾದರೂ ನೆನೆ.

ನಾನು ಅದೆಲ್ಲ ಮರೆತು ತುಂಬಾ ದಿನವಾಯಿತು. ಇಲ್ಲಿ ಮದುವೆ ಕಾಲ, ಬ್ಲೌಸುಗಳ ರಾಶಿ. ನನ್ನ ಹೊಲಿಗೆ ನೀಟಾಗಿದೆ ಎಂದು ಯಜಮಾನತಿ ನವವಧುಗಳ ಬ್ಲೌಸು ನನಗೇ ಕೊಡುತ್ತಾಳೆ. ಒಣ ಸಿಗಡಿ ಮುಗಿದಿದೆ, ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸು. ಆಯಿಗೆ ಮೊಣಕಾಲಿಗೆ ಎಣ್ಣೆ ಹಚ್ಚಲು ಹೇಳು.

ಅವರನ್ನು ಕರೆದುಕೊಂಡು ಹೋಗು, ಕರೆದುಕೊಂಡು ಬಾ. ದೇವಿ ಬೇಡ ಎಂದರೆ ಬೇಡ. ಅದರಲ್ಲಿ ಯಾರ ತಪ್ಪಿದೆ?

ನಿನ್ನ ಅಕ್ಕ
ರಂಜನಾ

*

ಕಾರವಾರ
27 ನವೆಂಬರ್ 2006

ಅಕ್ಕಾ,

ನಿನ್ನ ಕಾಗದ ಶನಿವಾರವೇ ಬಂತು. ಮರೆತೆ ಎಂದು ಬರೆದಿದ್ದೀಯಾ. ಮರೆತವಳು ಅದನ್ನು ಮರೆತೆ ಎಂದು ಬರೆಯುವುದಿಲ್ಲ. ನಾನು ನನ್ನ ಯೋಚನೆಯಂತೆಯೇ ಹೊರಟೆ. ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸುಗಂಧಾಬಾಯಿ ಮುಂದಿನ ಸೀಟು ಹಿಡಿದಳು, ತೊಡೆಯ ಮೇಲೆ ತೆಂಗಿನಕಾಯಿಯ ಚೀಲ. “ತಮಾ, ನಿಧಾನ ಹೊಡಿ. ನನ್ನ ಮಗನ ಮದ್ವೆ ಆಗೂದದೆ ಇನ್ನೂ” ಎಂದಳು. ಹಿಂದೆ ಅವಳ ತಮ್ಮ ಮಂಗೇಶಮಾಮ. ಮೂವತ್ತು ವರ್ಷ ಮುಂಬಯಿಯಲ್ಲಿದ್ದು ಹೋದ ವರ್ಷವಷ್ಟೇ ಊರಿಗೆ ಬಂದವನು. ಕದ್ರಾ ದಾಟುವವರೆಗೂ ಬಾಯಿ ಮುಚ್ಚಲಿಲ್ಲ: “ಅರೆ ಡ್ರೈವರ್, ಮುಂಬಯಿಲಿ ಇಷ್ಟು ರಸ್ತೆಗೆ ಹತ್ತು ಸಿಗ್ನಲ್ ಇರ್ತದೆ. ಇಲ್ಲಿ ಮಂಗ ಅಡ್ಡ ಬಂದ್ರೆ ಅದೇ ಸಿಗ್ನಲ್!” ಎಲ್ಲರೂ ನಕ್ಕರು. ನನಗೂ ನಗು ಬಂತು, ಹಲ್ಲು ಕಚ್ಚಿ ತಡೆದೆ. ಹುಡುಗಿಯ ಹೆಸರು ಸುಮಲತಾ. ಅವಳು ತಂದೆತಾಯಿಯ ಜೊತೆ ಕಿಟಕಿಯ ಪಕ್ಕ ಕೂತಿದ್ದಳು.

ರಾಜೀವ ಒಮ್ಮೆ ಕೇಳಿದ, “ನಿಮ್ದು ಯಾವೂರು?”

“ಚೆಂಡಿಯಾ. ಈಗ ಪುನರ್ವಸತಿ ಸೈಟು.”

ಆಮೇಲೆ ಅವನು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡ. ಚೆಂಡಿಯಾ ಎಂಬ ಒಂದು ಶಬ್ದಕ್ಕೇ ಹೆದರುವ ಗಂಡು ಅವನು.

ಘಟ್ಟದ ಮೇಲೆ ಹಳ್ಳದ ಹತ್ತಿರ ಇಳಿದರು. ಚಾಪೆ ಹಾಸಿದರು, ಪಾತ್ರೆ ಬಿಚ್ಚಿದರು. ನಾನು ಟೆಂಪೊ ತಿರುಗಿಸಿ ಇಡುತ್ತೇನೆ ಎಂದೆ. ಅದು ಸುಳ್ಳಲ್ಲ, ತಿರುಗಿಸಿದೆ. ತಿರುಗಿಸಿ ಹೊರಟೇಬಿಟ್ಟೆ. ಹಿಂದೆ ಯಾರೋ ಕೂಗಿದ್ದು ಕೇಳಿತು. ಎರಡು ದೊಡ್ಡ ತಿರುವು ಇಳಿದೆ.

ಆಮೇಲೆ ವಾಪಸ್ ಬಂದೆ. ಯಾಕೆ ಎಂದು ಈಗ ಬರೆಯುವುದಿಲ್ಲ. ಸುಳ್ಳು ಕಾರಣ ಬರೆಯುವುದಕ್ಕಿಂತ ಬರೆಯದಿರುವುದು ವಾಸಿ.

ಮುಖ್ಯ ವಿಷಯ ಇನ್ನು ಮುಂದೆ. ಇಳಿಯುವಾಗ ಘಟ್ಟದ ತಿರುವಿನಲ್ಲಿ, ದಾರಿ ಕಾಯುವ ದೇವರು ಜಟಗನ ಕಲ್ಲು ಸಿಗುತ್ತದೆ. ನಾವು ಡ್ರೈವರುಗಳು ಅಲ್ಲಿ ಕಾಯಿ ಒಡೆಯದೆ ದಾಟುವುದಿಲ್ಲ. ಸುಗಂಧಾಬಾಯಿ, “ಮಂಗೇಶಾ, ಹ್ಯಾಂಗೂ ನಿಂತಾಯ್ತು, ಹುಡುಗ್ರ ಬಗ್ಗೆ ಒಂದು ಪ್ರಸಾದ ಕೇಳ್ಕೊಂಡು ಬಾ” ಎಂದಳು. ಆ ಕಲ್ಲಿನವರೆಗೆ ಹೆಂಗಸರು ಹತ್ತುವ ಪದ್ಧತಿ ಇಲ್ಲ. ರಾಜೀವ ಬೂಟು ಬಿಚ್ಚಲು ಬೇಸರವೆಂದು ಕೆಳಗೇ ನಿಂತ. ಹತ್ತಿದವರು ಮಾಮ ಮತ್ತು ಕಾಯಿ ಹಿಡಿದ ನಾನು.

ಮಾಮ ಕಲ್ಲಿನ ಎರಡೂ ಬದಿಗೆ ಕೇಪಳದ ಹೂವು ಅಂಟಿಸಿ ಎದುರಿಗೆ ಕೈಮುಗಿದು ನಿಂತ. ಗಾಳಿಯೂ ಇರಲಿಲ್ಲ. ಒಂದು ಹೂವು ಮೆಲ್ಲಗೆ ಜಾರಿ ಬಿತ್ತು.

“ಬಲಾ! ಬಲಾ ಬಂತು!” ಎಂದು ಕೆಳಗಿನವರಿಗೆ ಕೇಳುವಂತೆ ಕೂಗಿದ.

ಅಕ್ಕಾ, ಹೂವು ಬಿದ್ದದ್ದು ಮಾಮನ ಬಲಕ್ಕೆ. ಜಟಗ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ. ಅವನಿಗೆ ಅದು ಎಡ.

“ಮಾಮಾ, ಅದು ಯಾವ ಬಲ?” ಎಂದೆ.

“ಯಾವ ಬಲ ಅಂದ್ರೆ ಎಂತ ಮಾರಾಯಾ? ಊಟ ಮಾಡೂ ಕೈ. ಶಾಲೆಗೆ ಹೋಗ್ಲಿಲ್ವಾ ನೀನು?”

“ಅರ್ಧ ಹೋಗಿದ್ದೆ.”

ಅವನು ಜೋರಾಗಿ ನಕ್ಕ. “ಹೋದ ವರ್ಷ ಊರ ದೇವಿ ಹತ್ರಾನೂ ನೀವೇ ಕೇಳಿದ್ದಾ?”

“ಮತ್ತಿನ್ಯಾರು? ಅಕ್ಕಂಗೆ ಕಾಲು ಊದಿತ್ತು. ಗುನಗ ಹೂ ಅಂಟಿಸಿದಾಂವ ಕಾಯಿ ಒಡೆಯೂಕೆ ಹೊರಗೆ ಹೋದ. ಒಳಗೆ ನಾನೊಬ್ನೇ. ಪಟ್ ಅಂತ ಬಿತ್ತು ನೋಡು, ಇಲ್ಲಿ” ಎಂದು ತನ್ನ ಎಡಗೈ ಮುಂದೆ ಮಾಡಿದ. “ಹುಡುಗಿ ಒಳ್ಳೇದಿತ್ತಂತೆ, ಪಾಪ. ದೇವಿ ಮಾತಿಗೆ ನಾವೆಂತ ಮಾಡೂದು?”

ನೀನೂ ನಾನೂ ಚಿಕ್ಕವರಿದ್ದಾಗ ಚೆಂಡಿಯಾದ ಪೂಜಾರಿ ಗುನಗ ಕಿವಿ ಹಿಂಡಿ ಕಲಿಸಿದ್ದು ನೆನಪಿದೆಯೆ? ಬಲ ಎಂದರೆ ದೇವರ ಬಲ. ಕೇಳಲು ಬಂದವನ ಬಲವಲ್ಲ. ಅಂದು ಅವರ ಪೂಜಾರಿ ಒಳಗಿದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಮೂವತ್ತು ವರ್ಷ ಊರು ಬಿಟ್ಟವನೊಬ್ಬ ದೇವಿಯ ಎದುರು ನಿಂತು ತನ್ನ ಕೈ ನೋಡಿಕೊಂಡ. ದೇವಿ ನಿನ್ನನ್ನು ಹೂಂ ಎಂದಿದ್ದಳು. ಈಗ ಜಟಗ ಆ ಹುಡುಗಿಯನ್ನು ಬೇಡ ಎಂದಿದ್ದಾನೆ.

ಅಲ್ಲೇ ಕೂಗಬಹುದಿತ್ತು. ಒಂದೇ ಮಾತು, ಅದೂ ನಿಜವಾದ ಮಾತು, ಮದುವೆ ಮುರಿದು ಬೀಳುತ್ತಿತ್ತು. ಕೂಗಲಿಲ್ಲ. ಕರುಣೆಯಿಂದ ಎಂದು ತಿಳಿಯಬೇಡ. ಕತ್ತಿ ನಿನ್ನದು. ಎಲ್ಲಿ ಇಳಿಸಬೇಕು ಎಂದು ನಿನ್ನನ್ನು ಕೇಳದೆ ನಾನು ಎತ್ತಲಾರೆ. ಕೆಳಗೆ ಬಂದಾಗ ಸುಮಲತಾ ನನ್ನ ಮುಖ ನೋಡಿ, ಏನಾಯಿತು ಎಂದು ಕೇಳಿದಳು. ಏನೂ ಇಲ್ಲ ಎನ್ನಲಿಲ್ಲ. “ಈಗ ಹೇಳೂದಿಲ್ಲ” ಎಂದೆ.

ಹೇಳಲೇ? ಬರೆ.

ನಿತೇಶ

*

ಮಡಗಾಂವ
6 ಡಿಸೆಂಬರ್ 2006

ನಿತೂ,

ನಿನ್ನ ಕಾಗದ ಮಷಿನ್ನಿನ ಕೆಳಗೆ ಇಟ್ಟುಕೊಂಡು ಎಷ್ಟು ಸಲ ಓದಿದೆನೋ. ಮೊನ್ನೆ ಒಬ್ಬ ಮದುಮಗಳ ಬ್ಲೌಸಿಗೆ ಎಡದ ತೋಳು ಬಲಕ್ಕೆ ಹೊಲಿದೆ. ಯಜಮಾನತಿ ಬೈದಳು. ನಾನು ನಕ್ಕೆ. ಅವಳು ಹೆದರಿ ತನ್ನ ಜಾಗಕ್ಕೆ ಹೋದಳು.

ನಾನು ಮರೆತಿರಲಿಲ್ಲ. ನೀನು ಮೂರ್ಖತನ ಮಾಡಬಾರದೆಂದು ಹಾಗೆ ಬರೆದೆ.

ಈ ಒಂದು ವರ್ಷ ನಾನು ಯಾವ ದೇವರಿಗೂ ದೀಪ ಹಚ್ಚಿಲ್ಲ, ಗೊತ್ತೇ ನಿನಗೆ? ಹೊಸ್ತಿಲಲ್ಲಿ ಕೂತು ದೇವಿಯನ್ನೇ ಕೇಳುತ್ತಿದ್ದೆ, ನನ್ನಲ್ಲಿ ನಿನಗೆ ಏನು ಕಂಡಿತು ಎಂದು. ಇಲ್ಲಿಗೂ ಎರಡು ಸಂಬಂಧ ಬಂದವು. ಎರಡು ಸಲವೂ ಯಾರೋ ಬಾಗಿಲಲ್ಲೇ ಕೇಳಿದರು, “ಪ್ರಸಾದ ಎಡಕ್ಕೆ ಬಂದದ್ದು ಇವಳಿಗೇ ಅಲ್ದಾ?” ಅವರು ಎದ್ದು ಹೋಗುವವರೆಗೆ ನಾನು ಚಹಾದ ಬಟ್ಟಲು ಹಿಡಿದು ನಿಂತಿದ್ದೆ. ಅಷ್ಟು ದಿನವೂ ನನ್ನ ಸಿಟ್ಟು ತಪ್ಪಾದ ಕಡೆಗಿತ್ತು.

ಇನ್ನೊಂದು ಕೇಳು. ರಾಜೀವ ಒಮ್ಮೆ ಇಲ್ಲಿಗೆ ಬಂದಿದ್ದ. ಅಂಗಡಿಯ ಎದುರಿನ ರಸ್ತೆಯಲ್ಲಿ ನಿಂತ, ನನ್ನನ್ನು ನೋಡಿದ, ಒಳಗೆ ಬರಲಿಲ್ಲ. ಸಿಗರೇಟು ಮುಗಿಯುವಷ್ಟು ಹೊತ್ತು ನಿಂತು ಹೋದ. ಒಂದು ಹೂವಿನ ಎದುರು ಬಾಯಿ ತೆರೆಯಲಾರದವನು ನೋಡಲು ಮಾತ್ರ ಅಷ್ಟು ದೂರ ಬಂದಿದ್ದ.

ಹೇಳು. ಘಟ್ಟದಲ್ಲಿ ಹೇಳದಿದ್ದದ್ದೇ ಒಳ್ಳೆಯದಾಯಿತು. ಮದುವೆಯ ಚಪ್ಪರದಲ್ಲಿ ಹೇಳು. ತಾಳಿ ಕೈಗೆ ತೆಗೆದುಕೊಳ್ಳುವಾಗ, ವಾದ್ಯದವರು ಒಂದು ಕ್ಷಣ ನಿಲ್ಲಿಸುತ್ತಾರಲ್ಲ, ಆಗ. ಎಲ್ಲರ ಎದುರಿಗೆ. ನನ್ನ ಆಯಿಗೆ ತಲೆ ಎತ್ತಲಾಗದಂತೆ ಮಾಡಿದವಳು ಅಷ್ಟು ಜನರ ನಡುವೆ ತಲೆ ತಗ್ಗಿಸಲಿ. ಸುಳ್ಳೇನೂ ಅಲ್ಲವಲ್ಲ.

ಭರತಣ್ಣನಿಗೆ ಹೆದರಿ ಅವತ್ತು ಟೆಂಪೊ ತಿರುಗಿಸಿದೆ ಎಂದು ತೋರುತ್ತದೆ. ಈ ಸಲ ತಿರುಗಿಸಬೇಡ.

ರಂಜನಾ

*

ಕಾರವಾರ
11 ಡಿಸೆಂಬರ್ 2006

ಅಕ್ಕಾ,

ಭರತಣ್ಣನಿಗೆ ಹೆದರಿ ಅಲ್ಲ. ಅಂದು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ಎರಡನೇ ತಿರುವು ಇಳಿಯುವಾಗ ಹಿಂದಿನ ಸೀಟಿನಿಂದ ಒಂದು ತಲೆ ಎದ್ದಿತು. ಸುಮಲತಾ. ಘಟ್ಟದ ತಿರುವಿಗೆ ಹೊಟ್ಟೆ ತೊಳಸಿ ಊಟ ಬೇಡವೆಂದು ಅಲ್ಲೇ ಮಲಗಿದ್ದಳಂತೆ. ನಾನು ನೋಡಿರಲಿಲ್ಲ. ಕೈಯಲ್ಲಿ ಹುಣಸೆಹಣ್ಣಿನ ಉಂಡೆ.

“ಅಣ್ಣಾ, ಎಲ್ಲಿಗೆ ಹೊರಟ್ರಿ?”

ನಾನು ಬ್ರೇಕು ಹಾಕಿದೆ. ಏನಾದರೂ ಹೇಳಬಹುದಿತ್ತು. ನೀರು ತರಲು ಎನ್ನಬಹುದಿತ್ತು.

“ನಿಮ್ಮನ್ನೆಲ್ಲಾ ಕಾಡಲ್ಲಿ ಬಿಟ್ಟು ಹೋಗೂಕೆ” ಎಂದೆ.

ಅವಳು ಹುಣಸೆ ಚೀಪುತ್ತಾ ನನ್ನನ್ನೇ ನೋಡಿದಳು. “ನನ್ನನ್ನ ಮರ್ತು ಹೊತ್ಕೊಂಡು ಹೊರಟೀರಿ ಹಂಗಾರೆ. ಎಂತ ಕಳ್ಳ ನೀವು?”

ತಮಾಷೆ ಎಂದುಕೊಂಡಿದ್ದಳು. ನನ್ನ ಮುಖ ನೋಡಿ ಅಲ್ಲವೆಂದು ತಿಳಿಯಿತು. ಯಾಕೆ ಎಂದು ಕೇಳಿದಳು, ಹೇಳಿದೆ. ನಿನ್ನ ಹೆಸರು, ಪಾಯಸ, ಹೂವು, ಆಯಿ, ಗಂಗೂಬಾಯಿ, ಎಲ್ಲ. ಅವಳಿಗೆ ಇದಾವುದೂ ಗೊತ್ತಿರಲಿಲ್ಲ. ಅವಳ ಮನೆಯವರಿಗೆ ಇದು ಮೊದಲನೇ ಸಂಬಂಧ ಎಂದು ಹೇಳಿದ್ದರಂತೆ.

“ನಿಮ್ಮ ಅಕ್ಕ ಈಗ ಎಂತ ಮಾಡ್ತಾರೆ?” ಎಂದಳು. ಬ್ಲೌಸು ಹೊಲಿಯುತ್ತಾಳೆ ಎಂದೆ. “ಮದ್ಮಗಳದ್ದಾ?” ಎಂದಳು. ಹೌದು ಎಂದೆ. ಅವಳು ಹುಣಸೆಯನ್ನು ಕಿಟಕಿಯಿಂದ ಹೊರಗೆ ಎಸೆದಳು.

“ತಿರುಗ್ಸಿ ಅಣ್ಣಾ. ನನ್ನ ಅಪ್ಪನೂ ಅಲ್ಲೇ ಇದ್ದಾರೆ. ನಮಗೆ ಹುಲಿ ಬೇಡ, ಆ ಅತ್ತೆ ಒಬ್ರೇ ಸಾಕು.”

ತಿರುಗಿಸಿದೆ. ಅವಳು ಕೆಳಗಿಳಿದು, “ನಂಗೆ ಗಾಳಿ ಬೇಕಿತ್ತು, ಅಣ್ಣ ಒಂದು ಸುತ್ತು ಹಾಕಿದ್ರು” ಎಂದು ಎಲ್ಲರಿಗೂ ಹೇಳಿದಳು. ಆ ಸುಳ್ಳು ಅವಳದು, ನನಗಾಗಿ ಹೇಳಿದ್ದು.

ಅಕ್ಕಾ, ಸುಗಂಧಾಬಾಯಿಯ ಮೇಲೆ ನನಗೆ ಎಳ್ಳಷ್ಟೂ ದಯೆ ಬಂದಿಲ್ಲ. ಆದರೆ ಚಪ್ಪರದಲ್ಲಿ ನಾನು ಬಾಯಿ ತೆರೆದರೆ ಆ ಎಡದ ಹೂವು ಯಾರ ಮೇಲೆ ಬೀಳುತ್ತದೆ? ಮರುದಿನ ಹಬ್ಬುವಾಡದಲ್ಲಿ ಯಾವುದೋ ಗಂಗೂಬಾಯಿ ಅವಳ ಆಯಿಯನ್ನು ಕುಂಕುಮಕ್ಕೆ ಕರೆಯುವುದು ಬಿಡುತ್ತಾಳೆ. ಅವಳೂ ಎಲ್ಲಿಗೋ ಹೋಗಿ ಬೇರೆಯವರ ಬ್ಲೌಸು ಹೊಲಿಯುತ್ತಾಳೆ.

ಆದರೂ ನೀನು ಇನ್ನೊಮ್ಮೆ ಹೇಳು ಎಂದು ಬರೆದರೆ ಹೇಳುತ್ತೇನೆ. ಕತ್ತಿ ನಿನ್ನದು ಎಂದು ನಾನೇ ಬರೆದಿದ್ದೇನೆ.

ನಿತೇಶ

*

ಕಾರವಾರ
30 ಡಿಸೆಂಬರ್ 2006

ಅಕ್ಕಾ,

ಹೇಳು ಎಂದೂ ಬರೆದಿಲ್ಲ, ಬೇಡ ಎಂದೂ ಬರೆದಿಲ್ಲ. ಅಂಗಡಿಗೆ ಫೋನು ಮಾಡಿದರೆ ಊಟಕ್ಕೆ ಹೋಗಿದ್ದಾಳೆ ಎನ್ನುತ್ತಾರೆ, ಮೂರು ಸಲವೂ. ಮದುವೆ ಫೆಬ್ರವರಿ ನಾಲ್ಕಕ್ಕೆ. ಹುಡುಗಿಯ ದಿಬ್ಬಣಕ್ಕೆ ಟೆಂಪೊ ನಮ್ಮದೇ. ಸುಮಲತಾ ನನ್ನ ಹೆಸರು ಹೇಳಿ, ಆ ಡ್ರೈವರೇ ಬೇಕು ಎಂದಳಂತೆ.

ನಿತೇಶ

*

ಮಡಗಾಂವ
16 ಜನವರಿ 2007

ನಿತೂ,

ಸಂಕ್ರಾಂತಿಗೆ ನಾನು ಅಂಕೋಲೆಗೆ ಬಂದಿದ್ದೆ. ಬೆಳಗಿನ ರೈಲಿಗೆ ಬಂದು ಸಂಜೆಯದಕ್ಕೆ ವಾಪಸಾದೆ. ಮನೆಗೆ ಬರಲಿಲ್ಲ. ಆಯಿಯ ಮುಖ ನೋಡಿದ್ದರೆ ಹೋಗುತ್ತಿರಲಿಲ್ಲ, ಇಲ್ಲವೇ ಹೋಗಿ ಮಾಡಬಾರದ್ದನ್ನು ಮಾಡುತ್ತಿದ್ದೆ.

ಶೆಟಗೇರಿಗೆ ಹೋದೆ. ಕೈಯಲ್ಲಿ ಎಳ್ಳು ಬೆಲ್ಲದ ಪುಡಿಕೆ. ಹಬ್ಬದ ದಿನ ಎಳ್ಳು ಬೆಲ್ಲ ಹಿಡಿದು ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಲು ಬರುವುದಿಲ್ಲವಲ್ಲ, ಸುಗಂಧಾಬಾಯಿ ಒಳಗೆ ಕರೆದಳು. ಗುರುತು ಸಿಕ್ಕಿತು, ಮುಖ ಬಾಡಿತು. ಜಗಲಿಯ ಮೇಲೆ ಮಂಗೇಶಮಾಮ ಪೇಪರು ಓದುತ್ತಿದ್ದ. ನಾನು ಅವನ ಎದುರು ಹೋಗಿ ನಿಂತೆ.

“ಮಾಮಾ, ನನ್ನ ಬಲಗೈಗೆ ಎಳ್ಳು ಹಾಕಿ.”

ಪುಡಿಕೆ ಅವನಿಗೆ ಕೊಟ್ಟು ಎರಡೂ ಕೈ ಮುಂದೆ ಚಾಚಿದೆ. ಅವನು ಪುಡಿಕೆ ಬಿಚ್ಚಿ ನನ್ನ ಬಲಗೈಗೆ ಸರಿಯಾಗಿಯೇ ಹಾಕಿದ.

“ಇದು ನನ್ನ ಬಲ ಅಂತ ಹ್ಯಾಂಗೆ ಗೊತ್ತಾಯ್ತು? ನಿಮಗೆ ಇದು ಎಡ ಬದಿ ಅಲ್ದಾ?”

“ಅರೆ, ನೀನು ನನ್ನ ಎದುರಿಗೆ ನಿಂತಿದ್ದೀ ಅಲ್ವಾ ಹುಡುಗಿ…” ಎಂದವನು ಅಲ್ಲಿಗೇ ನಿಂತ.

“ದೇವಿಯೂ ನಿಮ್ಮ ಎದುರಿಗೇ ಇದ್ದಳು ಮಾಮಾ.”

ಅವನ ಕೈಯಿಂದ ಎಳ್ಳು ಚೆಲ್ಲಿತು. ಸುಗಂಧಾಬಾಯಿಗೆ ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ, ಅವಳು ಊರಲ್ಲೇ ಬೆಳೆದವಳು. ತಮ್ಮನ ಕಡೆ ತಿರುಗಿ, “ಮಂಗೇಶಾ, ಘಟ್ಟದಲ್ಲೂ ನೀನು…” ಎಂದಳು. ಮಾತು ಮುಗಿಸಲಿಲ್ಲ. ಮುಗಿಸಲು ನಾನು ಸಹಾಯ ಮಾಡಲಿಲ್ಲ. ನಿತೂ, ಆ ಮುಖ ನೋಡಲು ನಾನು ಒಂದು ವರ್ಷ ಬದುಕಿದ್ದೆ ಎನಿಸಿತು. ಕಣ್ತುಂಬ ನೋಡಿದೆ. ನಾಚಿಕೆ ಇಲ್ಲದೆ ಬರೆಯುತ್ತಿದ್ದೇನೆ.

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. “ತಂಗೀ, ದೇವಿ ಕೊಟ್ಟದ್ದು ನಿನ್ನನ್ನೇ. ನಾನು ಹಬ್ಬುವಾಡದವರಿಗೆ ಹೇಳ್ತೆ, ಹ್ಯಾಂಗಾರೂ ಮಾಡಿ ಬಿಡಿಸ್ತೆ. ನೀನೇ ಬಾ ನಮ್ಮ ಮನೆಗೆ.” ರಾಜೀವ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ರಂಜನಾ, ನಾನೂ…” ಎಂದ.

“ನಿಮ್ಮನ್ನ ಯಾರೂ ಕೇಳ್ಲಿಲ್ಲ. ಹೂವನ್ನ ಕೇಳಿ” ಎಂದೆ.

ಸುಗಂಧಾಬಾಯಿಗೆ ಮಾತ್ರ ನಮ್ಮ ಮನೆಮಾತಿನಲ್ಲಿ ಒಂದೇ ಶಬ್ದ ಹೇಳಿದೆ: “ನಾಕಾ.” ಅವರ ಮನೆಯಲ್ಲಿ ಕೊಂಕಣಿ ಇಲ್ಲ, ಆದರೆ ಈ ಕರಾವಳಿಯಲ್ಲಿ ಬೇಡ ಎಂಬುದಕ್ಕೆ ಆ ಶಬ್ದ ತಿಳಿಯದವರು ಯಾರಿದ್ದಾರೆ?

ಎರಡು ಮಾತು ಹೇಳಿ ಎದ್ದೆ. ಮದುವೆಗೆ ಮೊದಲು ಅವಳು ನಮ್ಮ ಕೇರಿಗೆ ಬಂದು, ಗಂಗೂಬಾಯಿಯ ಅಂಗಳದಲ್ಲಿ ನಿಂತು, ಪ್ರಸಾದ ಬಲಕ್ಕೇ ಬಂದಿತ್ತು, ನೋಡಿದವರು ತಪ್ಪಿದರು ಎಂದು ಹೇಳಬೇಕು. ಎರಡನೆಯದು, ಘಟ್ಟದ ಹೂವನ್ನು ಎಂದಾದರೂ ಆ ಹುಡುಗಿಯ ತಲೆಗೆ ಕಟ್ಟಿದರೆ, “ಅವತ್ತು ಟೆಂಪೊ ಹೊಡೆದಾಂವ ನನ್ನ ತಮ್ಮ. ಅವನು ಬರ್ತಾನೆ. ಎಲ್ರ ಎದುರಿಗೆ ಯಾರಾದ್ರೂ ಅವನನ್ನ ಕೇಳ್ತಾರೆ. ಅವನಿಗೆ ಸುಳ್ಳು ಹೇಳೂಕೆ ಬರೂದಿಲ್ಲ.”

ಚಪ್ಪರದಲ್ಲಿ ನೀನು ಏನೂ ಕೂಗಬೇಡ. ಆದರೆ ಸುಮಲತಾ ತಾನಾಗಿಯೇ ಕೇಳಿದರೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಸುಳ್ಳು ಹೇಳು ಎಂದು ನಿನಗೆ ನಾನು ಹೇಗೆ ಹೇಳಲಿ?

ರಂಜನಾ

*

ಕಾರವಾರ
5 ಫೆಬ್ರವರಿ 2007

ಅಕ್ಕಾ,

ಸುಗಂಧಾಬಾಯಿ ಬಂದಳು, ಹೋದ ಮಂಗಳವಾರ, ಊದಿದ ಕಾಲು ಎಳೆದುಕೊಂಡು. ನೀರು ಹಿಡಿಯಲು ಹೆಂಗಸರೆಲ್ಲ ಸೇರುವ ಹೊತ್ತಿಗೆ ಗಂಗೂಬಾಯಿಯ ಅಂಗಳದಲ್ಲಿ ನಿಂತು ಹೇಳಿದಳು. ದನಿ ಮೇಲೇಳಲಿಲ್ಲ. ಗಂಗೂಬಾಯಿ, “ಎಂತಾ? ಕೇಳ್ಲಿಲ್ಲ, ಇನ್ನೊಂದ್ಸಲ ಹೇಳಿ” ಎಂದಳು. ನಿಜಕ್ಕೂ ಕೇಳಿರಲಿಲ್ಲವೋ, ಸವಿಯಲು ಕೇಳಿದಳೋ, ಸುಗಂಧಾಬಾಯಿ ಎರಡು ಸಲ ಹೇಳಬೇಕಾಯಿತು. ಆಯಿ ಬಾಗಿಲಲ್ಲಿ ನಿಂತು ಕೇಳಿದಳು. ಒಳಗೆ ಕರೆಯಲಿಲ್ಲ. ನೀರೂ ಕೊಡಲಿಲ್ಲ. ಅವಳು ಹೋದ ಮೇಲೆ, “ಪಾಯಸ ಎರಡು ಸಲ ಹಾಕಿಸ್ಕೊಂಡಿತ್ತು” ಎಂದಳು, ಅಷ್ಟೇ. ಮರುದಿನ ಗಂಗೂಬಾಯಿ ಕುಂಕುಮಕ್ಕೆ ಕರೆದರೆ ಆಯಿ ಹೋಗಲಿಲ್ಲ. ನಿನ್ನ ತಾಯಿಯೇ ತಾನು ಎಂದು ತೋರಿಸಿದಳು ನೋಡು ಆಯಿ, ಯಾರ ಹಟ ಯಾರಿಂದ ಬಂತೋ.

ನಿನ್ನೆ ಮದುವೆ ಆಯಿತು. ದಿಬ್ಬಣ ಹೊರಟಾಗ ಸುಮಲತಾ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು, ತಲೆ ತುಂಬ ಅಬ್ಬಲಿಗೆ. ಅಂಕೋಲೆ ಸೇರುವ ಮೊದಲು ಮುಂದಕ್ಕೆ ಬಗ್ಗಿ, ಅಪ್ಪನಿಗೆ ಕೇಳದಂತೆ ಹೇಳಿದಳು:

“ಅಣ್ಣಾ, ಅವತ್ತು ‘ಈಗ ಹೇಳೂದಿಲ್ಲ’ ಅಂದಿದ್ರಿ. ಈಗ ಹೇಳಿ. ಜಟಗನ ಹೂ ಎಲ್ಲಿ ಬಿತ್ತು?”

ಗೇರು ಇಳಿಸಿ ಗಾಡಿ ನಿಧಾನ ಮಾಡಿದೆ.

“ನಾನು ನಿಂತಲ್ಲಿಂದ ನೋಡಿದ್ರೆ ಬಲಕ್ಕೆ” ಎಂದೆ.

ಒಂದಕ್ಷರ ಸುಳ್ಳಿಲ್ಲ ಅಕ್ಕಾ. ಆದರೂ ಶಾಲೆ ಬಿಟ್ಟಮೇಲೆ ನನ್ನ ಬಾಯಿಂದ ಇಷ್ಟು ಕಷ್ಟದ ಮಾತು ಬಂದಿರಲಿಲ್ಲ.

ಪೆದ್ದಿಯಲ್ಲ ಅವಳು. ನೀನು ಶೆಟಗೇರಿಗೆ ಹೋದದ್ದೂ, ಅತ್ತೆ ನಮ್ಮ ಕೇರಿಗೆ ಬಂದದ್ದೂ ಅವಳ ಕಿವಿಗೆ ಬಿದ್ದೇ ಇರುತ್ತದೆ. ಕನ್ನಡಿಯಲ್ಲಿ ನೋಡಿದೆ. ಬಳೆ ತುಂಬಿದ ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದಾದ ಮೇಲೊಂದು ನೋಡಿಕೊಂಡಳು. ಆಮೇಲೆ ಹಿಂದಕ್ಕೆ ಒರಗಿದಳು.

“ಸಾಕು ಅಣ್ಣಾ. ನಾನೂ ನಿಮ್ಮ ಪಕ್ಕದಲ್ಲೇ ನಿಂತಿದ್ದೆ ಅಂದ್ಕೊಳ್ಳಿ. ಹೊಡೀರಿ ಗಾಡಿ.”

ಚಪ್ಪರದ ಬಾಗಿಲಲ್ಲಿ ಸುಗಂಧಾಬಾಯಿ ಆರತಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದ ಕೂಡಲೆ ಮುಖ ತಿರುಗಿಸಿದಳು. ನಾನು ಏನೂ ಮಾಡಲಿಲ್ಲ. ಟೆಂಪೊ ನಿಲ್ಲಿಸಿ, ಕೆಳಗಿಳಿದು, ಅವಳ ಎದುರಿಗೆ ಮುಖ ಮಾಡಿ ನಿಂತೆ, ಊಟದ ಪಂಕ್ತಿ ಏಳುವವರೆಗೂ.

ನಿತೇಶ